ಕೋಳಿಗೂಡಿಗೆ ಹೆಗ್ಗಣ ಬರುತ್ತಿದೆ, ಪಾಷಾಣ ಇಡದೆ ಓಡಿಸುವುದು ಹೇಗೆ?

ಹಿತ್ತಲ ಕೋಳಿ, ತಿಪಟೂರು:

ಎಲ್ಲರಿಗೂ ನಮಸ್ಕಾರ. ತಿಪಟೂರು ಹತ್ತಿರದ ಹಳ್ಳಿ ನಮ್ಮದು. ಹಿತ್ತಲಲ್ಲಿ ಹನ್ನೆರಡು ನಾಟಿ ಕೋಳಿ, ಎರಡು ಗಿರಿರಾಜ ಇವೆ. ಗೂಡಿಗೆ ಮರದ ರೀಪು ಹೊಡೆದು, ಸುತ್ತ ಆರು ಮೂಲೆ ಕಣ್ಣಿನ ಕೋಳಿ ಜಾಲರಿ ಕಟ್ಟಿದ್ದೇವೆ. ನೆಲ ಮಣ್ಣಿನದು. ಮಳೆ ಶುರುವಾದ ಮೇಲೆ ಹೆಗ್ಗಣದ ಕಾಟ ತಡೆಯಲಾಗುತ್ತಿಲ್ಲ. ಮೂಲೆಯಲ್ಲಿ ಮುಷ್ಟಿ ಹೋಗುವಷ್ಟು ದೊಡ್ಡ ಬಿಲ, ಅದರ ಬಾಯಲ್ಲಿ ಹಸಿ ಮಣ್ಣಿನ ಗುಡ್ಡೆ. ಮೊಟ್ಟೆ ಹೋಗುತ್ತಿತ್ತು, ಸುಮ್ಮನಿದ್ದೆವು. ಈಗ ಹೇಂಟೆ ಕಾವು ಮುಗಿಸಿ ಎಬ್ಬಿಸಿಕೊಂಡು ಬಂದ ಮರಿಗಳಲ್ಲಿ ಮೂರು ಇಲ್ಲ. ಒಂದರ ಕಾಲು ಮಾತ್ರ ಬಿಲದ ಹತ್ತಿರ ಸಿಕ್ಕಿತು. ನನ್ನ ಮಗಳು ಅವತ್ತು ಊಟ ಮಾಡಲಿಲ್ಲ.

ಅಂಗಡಿಯಲ್ಲಿ ಪಾಷಾಣದ ಕೇಕು ಇಡಿ ಅನ್ನುತ್ತಾರೆ. ಮನೆಯಲ್ಲಿ ನಾಯಿ, ಬೆಕ್ಕು ಎರಡೂ ಇವೆ, ಧೈರ್ಯ ಬರುತ್ತಿಲ್ಲ. ಬೇರೆ ದಾರಿ ಇದ್ದರೆ ಹೇಳಿ.

ಗದ್ದೆ ಬಯಲು, ಮದ್ದೂರು:

ನಾವು ಗದ್ದೆಯಲ್ಲಿ ಜಿಂಕ್ ಫಾಸ್ಫೈಡ್ ಕರಿ ಪುಡಿಯನ್ನೇ ಇಡೋದು. ನುಚ್ಚಿಗೆ ಎಣ್ಣೆ ಸವರಿ ಬೆರೆಸಿ ಬಿಲದೊಳಗೆ ಹಾಕಿ ಬಾಯಿ ಮುಚ್ಚಿಬಿಡಿ. ಒಂದೇ ರಾತ್ರಿಗೆ ಮುಗಿಯುತ್ತೆ. ಇಷ್ಟಕ್ಕೆಲ್ಲ ಯಾಕೆ ಯೋಚನೆ?

ಕೊಟ್ಟಿಗೆ ಮನೆ, ತೀರ್ಥಹಳ್ಳಿ:

ಮದ್ದೂರಿನ ಅಣ್ಣ, ಗದ್ದೆ ಬೇರೆ, ಕೋಳಿಗೂಡು ಬೇರೆ. ಆ ಕರಿ ಪುಡಿ ಹೊಟ್ಟೆಯೊಳಗಿನ ಆಮ್ಲಕ್ಕೆ ಸೇರಿದ ಕೂಡಲೇ ಫಾಸ್ಫೀನ್ ಅನ್ನೋ ವಿಷಗಾಳಿ ಹುಟ್ಟುತ್ತೆ. ಇಲಿಗೆ ಆಗೋದೇ ಕೋಳಿಗೂ ನಾಯಿಗೂ ಆಗೋದು, ಅದಕ್ಕೆ ಪ್ರತಿವಿಷ ಇಲ್ಲ. ಕೋಳಿಗೆ ಕೆದಕೋದೇ ಕೆಲಸ. ನೀವು ಮುಚ್ಚಿದ ಬಿಲವನ್ನು ಅದು ಬೆಳಿಗ್ಗೆ ಎದ್ದು ಕೆದರುತ್ತೆ, ನುಚ್ಚು ಕಂಡರೆ ಬಿಡುತ್ತಾ?

ಕೇಕಿನ ಕಥೆ ಇನ್ನೊಂದು. ಅದರಲ್ಲಿರೋ ಬ್ರೋಮಾಡಿಯೋಲೋನ್ ರಕ್ತ ಹೆಪ್ಪುಗಟ್ಟೋದನ್ನು ತಡೆಯುತ್ತೆ. ತಿಂದ ಇಲಿ ಆಗಲೇ ಸಾಯಲ್ಲ, ಕೆಲವು ದಿನ ಬೇಕು. ಅಷ್ಟರಲ್ಲಿ ಮಂಕಾಗಿ ಹಗಲಲ್ಲೇ ಓಡಾಡುತ್ತೆ. ನಿಮ್ಮ ಬೆಕ್ಕು ಹಿಡಿಯೋದು ಅಂಥದ್ದನ್ನೇ. ಗೂಬೆ ಹಿಡಿಯೋದೂ ಅದನ್ನೇ. ಬೆಕ್ಕೋ ನಾಯಿಯೋ ತಿಂದದ್ದು ಗೊತ್ತಾದರೆ ತಡ ಮಾಡದೆ ಪಶುವೈದ್ಯರ ಹತ್ತಿರ ಹೋಗಿ, ಇದಕ್ಕೆ ವಿಟಮಿನ್ ಕೆ1 ಕೊಡುತ್ತಾರೆ.

ತಿಪಟೂರಿನವರೇ, ನಾನು ಮೊದಲು ಕೇಳೋದು ಒಂದೇ: ಸಂಜೆ ಗೂಡು ಮುಚ್ಚುವಾಗ ಒಳಗೆ ಕಾಳು ಉಳಿದಿರುತ್ತಾ? ಹೆಗ್ಗಣ ಬರೋದು ಕೋಳಿಗಾಗಿ ಅಲ್ಲ, ಕೋಳಿಯ ಊಟಕ್ಕಾಗಿ. ಮೊಟ್ಟೆ, ಮರಿ ಆಮೇಲೆ ಹತ್ತಿದ ರುಚಿ. ಒಂದು ದೊಡ್ಡ ಕೋಳಿ ದಿನಕ್ಕೆ 100ರಿಂದ 120 ಗ್ರಾಂ ತಿನ್ನುತ್ತೆ. ನಿಮ್ಮ ಹದಿನಾಲ್ಕಕ್ಕೆ ಸುಮಾರು ಒಂದೂವರೆ ಕಿಲೋ, ಹಿತ್ತಲಲ್ಲಿ ಮೇಯೋದರಿಂದ ಅಷ್ಟೂ ಬೇಡ. ಎರಡು ಕಿಲೋ ಸುರಿದರೆ ಅರ್ಧ ಕಿಲೋ ರಾತ್ರಿಗೆ ಉಳಿಯುತ್ತೆ. ಒಂದು ಇಲಿಗೆ ರಾತ್ರಿಗೆ 25 ಗ್ರಾಂ ಬೇಕು ಅಂತಿಟ್ಟುಕೊಳ್ಳಿ, ಆ ಅರ್ಧ ಕಿಲೋದಲ್ಲಿ ಇಪ್ಪತ್ತು ಇಲಿ ಸಾಕಿದ ಹಾಗಾಯಿತು. ಒಂದು ಹೆಣ್ಣಿಲಿ ಗಬ್ಬವಾಗಿ ಮೂರು ವಾರ ಆಗುತ್ತಿದ್ದ ಹಾಗೆ ಮರಿ ಹಾಕುತ್ತೆ, ಒಂದು ಸಲಕ್ಕೆ ಆರು ಎಂಟು. ಊಟ ಇರೋ ತನಕ ನೀವು ಎಷ್ಟು ಹಿಡಿದರೂ ಮುಗಿಯಲ್ಲ.

ನಮ್ಮಲ್ಲಿ ಸಂಜೆ ಐದೂವರೆಗೆ ಕಾಳಿನ ತಟ್ಟೆ ಹೊರಗೆ ಬರುತ್ತೆ, ನೀರಿನದೂ. ಕತ್ತಲಾದ ಮೇಲೆ ಕೋಳಿ ತಿನ್ನಲ್ಲ, ಕುಡಿಯಲ್ಲ. ಕೆಳಗೆ ಚೆಲ್ಲಿದ್ದನ್ನು ತೆಂಗಿನ ಗರಿ ಪೊರಕೆಯಲ್ಲಿ ಗುಡಿಸಿ ತೆಗೆಯುತ್ತೇನೆ. ತಟ್ಟೆಯನ್ನು ನೆಲದ ಮೇಲಿಡದೆ ಕೋಳಿಯ ಬೆನ್ನಿನ ಎತ್ತರಕ್ಕೆ ತೂಗುಹಾಕಿ, ಚೆಲ್ಲೋದು ತುಂಬಾ ಕಡಿಮೆ ಆಗುತ್ತೆ. ತೌಡು, ಮೆಕ್ಕೆಜೋಳ ಎಲ್ಲ ಮುಚ್ಚಳ ಬಿಗಿಯಾದ ತಗಡಿನ ಡ್ರಮ್ಮಿಗೆ. ಗೋಣಿಚೀಲ, ಪ್ಲಾಸ್ಟಿಕ್ ಡಬ್ಬ ಯಾವುದೂ ಅದರ ಹಲ್ಲಿಗೆ ನಿಲ್ಲಲ್ಲ.

ಆಮೇಲೆ ಜಾಲರಿ. ಆರು ಮೂಲೆಯದು ಕೋಳಿ ಹೊರಗೆ ಹೋಗದ ಹಾಗೆ ಇರೋದು, ಇಲಿ ಒಳಗೆ ಬರದ ಹಾಗೆ ಅಲ್ಲ. ಅರ್ಧ ಇಂಚಿನ ಚೌಕದ ವೆಲ್ಡ್ ಮೆಶ್ ತನ್ನಿ. ಗೋಡೆಗೆ ಹೊಡೆದರೆ ಸಾಲದು. ಬುಡದಲ್ಲಿ ಒಂದು ಅಡಿ ಮಣ್ಣೊಳಗೆ ಇಳಿಸಿ, ಅಲ್ಲಿಂದ ಇನ್ನೊಂದು ಅಡಿ ಹೊರಕ್ಕೆ ಮಡಚಿ ಹಾಸಿ, ಮೇಲೆ ಮಣ್ಣು ಮುಚ್ಚಿ ಕಲ್ಲು ಇಡಿ. ಹೆಗ್ಗಣ ಯಾವಾಗಲೂ ಗೋಡೆಯ ಬುಡಕ್ಕೇ ಬಂದು ಕೆರೆಯುತ್ತೆ. ಜಾಲರಿ ತಾಗಿದಾಗ ಒಂದಡಿ ಹಿಂದೆ ಸರಿದು ಮತ್ತೆ ತೋಡಬೇಕು ಅನ್ನೋದು ಅದಕ್ಕೆ ಹೊಳೆಯಲ್ಲ. ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದು ಇದ್ದರೂ ತಗಡಿನ ಪಟ್ಟಿ ಹೊಡೆಯಿರಿ.

ಈಗಿರೋ ಬಿಲಕ್ಕೆ: ಸಂಜೆ ಎಲ್ಲ ಬಿಲದ ಬಾಯಿಗೂ ಸಡಿಲವಾಗಿ ಮಣ್ಣು ಮುಚ್ಚಿ. ಬೆಳಿಗ್ಗೆ ಯಾವುದು ತೆರೆದಿದೆಯೋ ಅದರಲ್ಲೇ ವಾಸ. ಅಲ್ಲಿ ಬೋನು ಇಡಿ, ಆದರೆ ಅವತ್ತೇ ಕೊಂಡಿ ಹಾಕಬೇಡಿ. ಹೊಸ ವಸ್ತು ಕಂಡರೆ ಇಲಿಗೆ ಅನುಮಾನ. ಸುಟ್ಟ ಒಣಮೀನು, ಕೊಬ್ಬರಿ ಚೂರು ಇಟ್ಟು ನಾಲ್ಕೈದು ರಾತ್ರಿ ಸುಮ್ನೆ ತಿಂದು ಹೋಗಲಿ. ಧೈರ್ಯ ಬಂದ ಮೇಲೆ ಕೊಂಡಿ ಹಾಕಿ. ಕೋಳಿ ಗೂಡಿನಲ್ಲಿರೋ ರಾತ್ರಿ ಹೊತ್ತು ಮಾತ್ರ ಇಡಿ, ಬೆಳಕು ಹರಿಯೋ ಮೊದಲೇ ತೆಗೆಯಿರಿ. ಅಂಟಿನ ಹಲಗೆ ದಯವಿಟ್ಟು ಬೇಡ. ಅದರಲ್ಲಿ ಸಿಕ್ಕ ಜೀವ ಗಂಟೆಗಟ್ಟಲೆ ನರಳುತ್ತೆ, ಮರಿಕೋಳಿಯೂ ಸಿಕ್ಕಿಕೊಳ್ಳುತ್ತೆ.

ಇಷ್ಟೆಲ್ಲ ಆಗೋವರೆಗೆ ಉಳಿದ ಮರಿಗಳನ್ನು ತಾಯಿ ಸಮೇತ ರಾತ್ರಿ ಮನೆಯೊಳಗೆ ಮಂಕರಿ ಕವುಚಿ ಮೇಲೆ ಕಲ್ಲು ಹೇರಿ ಇಡಿ. ಮಗಳಿಗೆ ಆ ಕೆಲಸ ಒಪ್ಪಿಸಿ, ಚೆನ್ನಾಗಿ ನೋಡಿಕೊಳ್ಳುತ್ತಾಳೆ.

ತೋಟದ ದಾರಿ, ಪುತ್ತೂರು:

ಅಕ್ಕ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ ಮಾರಾಯ್ರೆ. ಬಿಲ ಕೆದಕುವಾಗ ಬರಿಗಾಲು, ಬರಿಗೈ ಬೇಡ. ಇಲಿಯ ಮೂತ್ರ ಬಿದ್ದ ಕೆಸರಿನಿಂದ ಕಾಲಿನ ಸಣ್ಣ ಗಾಯದ ಮೂಲಕ ಇಲಿಜ್ವರ ಬರುತ್ತದೆ, ಮಳೆಗಾಲದಲ್ಲಿ ಜಾಸ್ತಿ. ಗಂಬೂಟು, ಗ್ಲೌಸ್ ಹಾಕಿ. ಆಮೇಲೆ ಜ್ವರ, ಮೀನಖಂಡದಲ್ಲಿ ನೋವು ಬಂದರೆ ಇಲಿ ಬಿಲ ಕೆದಕಿದ್ದನ್ನು ಡಾಕ್ಟರಿಗೆ ಹೇಳಿ. ಇನ್ನೊಂದು, ಇಲಿ ಇದ್ದಲ್ಲಿ ನಾಗರ ಬರುತ್ತದೆ. ಗೂಡಿನ ಪಕ್ಕದ ಸೌದೆ ರಾಶಿ, ತೆಂಗಿನ ಮಟ್ಟೆ ಮೊದಲು ದೂರ ಹಾಕಿ. ಕೈ ಹಾಕುವ ಮುಂಚೆ ಕೋಲಿನಲ್ಲಿ ಸರಿಸಿ ನೋಡಿ.

ಹಿತ್ತಲ ಕೋಳಿ, ತಿಪಟೂರು:

ತುಂಬಾ ಉಪಕಾರ ಆಯಿತು. ಕಾಳು ರಾತ್ರಿಯೂ ಒಳಗೇ ಇರುತ್ತಿತ್ತು, ಇವತ್ತಿನಿಂದ ತೆಗೆಯುತ್ತೇವೆ. ಮಟ್ಟೆ ರಾಶಿ ಗೂಡಿಗೆ ಒತ್ತಿಕೊಂಡೇ ಇದೆ, ನಾಳೆ ಎತ್ತಿಸುತ್ತೇನೆ. ಅಕ್ಕ, ಜಾಲರಿ ಬದಲು ನೆಲಕ್ಕೆ ಸಿಮೆಂಟ್ ಹಾಕಿಸಿದರೆ ಆಗುವುದಿಲ್ವಾ?

ಕೊಟ್ಟಿಗೆ ಮನೆ, ತೀರ್ಥಹಳ್ಳಿ:

ಆಗುತ್ತೆ. ಆದರೆ ಬಿಲ ಖಾಲಿಯಾದ ಮೇಲೆ ಹಾಕಿಸಿ, ಒಳಗೆ ಹೆಗ್ಗಣ ಇದ್ದಾಗ ಹಾಕಿದರೆ ಪಕ್ಕದಿಂದ ಬೇರೆ ದಾರಿ ತೋಡುತ್ತೆ. ಬಿಲದೊಳಗೆ ಜಲ್ಲಿ ಗಟ್ಟಿಸಿ ತುಂಬಿಸಿ. ಮೂರು ಇಂಚಿಗೆ ಕಡಿಮೆ ದಪ್ಪ ಬೇಡ, ಅಂಚುಗಳನ್ನು ಇನ್ನೂ ಆಳಕ್ಕೆ ಇಳಿಸಿ. ಗೋಡೆಯ ಸುತ್ತ ಮೆಶ್ ಆಗಲೂ ಬೇಕೇ ಬೇಕು. ಒಣಗಿದ ಮೇಲೆ ಭತ್ತದ ಹೊಟ್ಟು ದಪ್ಪಗೆ ಹರಡಿ. ನಿಮ್ಮ ಗಿರಿರಾಜ ತೂಕದ ಕೋಳಿ, ಎತ್ತರದ ಗಳುವಿಗೆ ಹಾರಲ್ಲ, ಬರಿ ಸಿಮೆಂಟಿನ ಮೇಲೆ ಕೂತರೆ ಪಾದ ಹುಣ್ಣಾಗುತ್ತೆ. ಅವೆರಡಕ್ಕೂ ನೆಲದಿಂದ ಒಂದಡಿ ಎತ್ತರದಲ್ಲಿ ಒಂದು ಗಳು ಕಟ್ಟಿಕೊಡಿ.