ಸಹಾಯ ಬೇಕು: ರಾರಿಗ್ ಸೆಂಟರ್ ನಾಟಕಕ್ಕೆ ಯಾವ ಕಡೆ ಸೀಟು ತೆಗೆದುಕೊಳ್ಳಲಿ?

ಮಿನಿಯಾಪೊಲಿಸ್ ಕನ್ನಡಿಗರಿಗೆ ನಮಸ್ಕಾರ. ಅಪ್ಪ, ಅಮ್ಮ ಸಾಗರದಿಂದ ಬರುತ್ತಿದ್ದಾರೆ. ಅಪ್ಪ ಹೆಗ್ಗೋಡಿನ ನೀನಾಸಂ ನಾಟಕ ನೋಡುತ್ತಲೇ ಬೆಳೆದವರು. ಮಿನ್ನೆಸೋಟ ವಿಶ್ವವಿದ್ಯಾಲಯದ ಹುಡುಗರು ಮಾಡುವ ನಾಟಕಕ್ಕೆ ಅವರನ್ನು ಕರೆದುಕೊಂಡು ಹೋಗಬೇಕೆಂದು ನನಗೆ ತುಂಬಾ ಆಸೆ.

ವಾಪಸ್ ಹೋಗುವ ದಿನ ಇನ್ನೂ ಪಕ್ಕಾ ಆಗಿಲ್ಲ. ಹಾಗಾಗಿ ಇಡೀ ಸೀಸನ್ನಿನ ಪಾಸ್ ಬೇಡ, ಬಿಡಿ ಟಿಕೆಟ್ ಸಾಕು ಎಂದುಕೊಂಡಿದ್ದೇನೆ. ತೊಡಕಿರುವುದು ಸೀಟಿನಲ್ಲಿ. ಆ ವಿಶ್ವವಿದ್ಯಾಲಯದ ನಾಟಕದ ಕಟ್ಟಡವಾದ ರಾರಿಗ್ ಸೆಂಟರ್‌ನಲ್ಲಿ ನಾಲ್ಕು ರಂಗಮಂದಿರಗಳಿವೆ. ಒಂದರಲ್ಲಿ ನಮ್ಮೂರಿನ ಹಾಗೆ ಎದುರಿಗೆ ಕೂರಬಹುದು. ಥ್ರಸ್ಟ್ ಎನ್ನುವ ರಂಗಮಂದಿರದಲ್ಲಿ ವೇದಿಕೆಯ ಮೂರು ಕಡೆ ಜನ, ಅರೀನಾ ಎನ್ನುವುದರಲ್ಲಿ ಸುತ್ತಲೂ ಜನ. ಅಪ್ಪನಿಗೆ ಕಿವಿ ಸ್ವಲ್ಪ ಮಂದ. ನಟರು ಬೆನ್ನು ತಿರುಗಿಸಿದರೆ ತುಟಿಯೂ ಕಾಣುವುದಿಲ್ಲ, ಇಂಗ್ಲಿಷ್ ಬೇರೆ. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಆಗದು.

ಇಲ್ಲಿನ ಕಾನೂನಿನಂತೆ ರಂಗಮಂದಿರಗಳಲ್ಲಿ ಕೇಳಲು ನೆರವಾಗುವ ಸಾಧನ, ವೀಲ್‌ಚೇರ್ ಜಾಗ, ಅದರ ಪಕ್ಕ ಜೊತೆಗಾರರ ಸೀಟು ಇರಬೇಕು ಎಂದು ಓದಿದ್ದೇನೆ. ಆದರೆ ವೀಲ್‌ಚೇರ್ ಇಲ್ಲದ ಅಮ್ಮನಿಗೆ ಅಂಥ ಕಡೆ ಸೀಟು ಸಿಗುತ್ತದಾ? ಸೀಟುಗಳ ನಕ್ಷೆ ಎಷ್ಟು ನೋಡಿದರೂ ಇದು ಗೊತ್ತಾಗಲಿಲ್ಲ.

ಅಲ್ಲಿ ನಾಟಕ ನೋಡಿದವರು ದಯವಿಟ್ಟು ಹೇಳಿ: ಥ್ರಸ್ಟ್, ಅರೀನಾ ಎರಡರಲ್ಲೂ ಮೆಟ್ಟಿಲಿಲ್ಲದೆ ತಲುಪುವ, ಮಾತು ಚೆನ್ನಾಗಿ ಕೇಳುವ ಸೀಟು ಯಾವ ಕಡೆ, ಯಾವ ಸಾಲಿನಲ್ಲಿದೆ?