ಮಳೆ ಎಚ್ಚರಿಕೆ ಎಲ್ಲರ ಮನೆಗೂ ಮುಟ್ಟಬೇಕು – ಸಲಹೆ ಕೊಡಿ

ಸಂಘದ ಕಾರ್ಯದರ್ಶಿ:
ಎಲ್ಲರಿಗೂ ನಮಸ್ಕಾರ. ಮೊನ್ನೆ ರಾತ್ರಿ ರಾಜಕಾಲುವೆ (ಮಳೆನೀರಿನ ದೊಡ್ಡ ಮೋರಿ) ಉಕ್ಕಿ 4ನೇ ಕ್ರಾಸ್‌ಗೆ ನೀರು ನುಗ್ಗಿತು. ಗುಂಪಿನಲ್ಲಿ ಮೆಸೇಜ್ ಬಂದಿತ್ತು, ಆದರೆ ಎಲ್ಲರೂ ನಿದ್ದೆಯಲ್ಲಿದ್ದೆವು. 2022ರ ಸೆಪ್ಟೆಂಬರ್‌ನಲ್ಲಿ ನಮ್ಮ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ನೀರು ತುಂಬಿ ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದಿದ್ದು ನೆನಪಿದೆ ತಾನೇ? ಮುಂದಿನ ಜೋರು ಮಳೆಗೆ ಮೊದಲು ಏನಾದರೂ ಮಾಡಲೇಬೇಕು.

2ನೇ ಕ್ರಾಸ್, ಮನೆ 31:
ಸರ್, 2023ರ ಅಕ್ಟೋಬರ್‌ನಲ್ಲಿ ಎಲ್ಲರ ಫೋನೂ ಒಟ್ಟಿಗೆ ಕೂಗಿಕೊಂಡಿತ್ತಲ್ವಾ? ಅದು ಸೆಲ್ ಬ್ರಾಡ್‌ಕಾಸ್ಟ್ ಪರೀಕ್ಷೆ. ಸರ್ಕಾರದ ಎಚ್ಚರಿಕೆ ಸಂದೇಶ ಆ ಜಾಗದ ಟವರ್‌ಗಳಿಂದ ಎಲ್ಲ ಫೋನ್‌ಗೂ ಒಂದೇ ಸಲ ಹೋಗುತ್ತದೆ. ಇಂಟರ್ನೆಟ್ ಬೇಕಿಲ್ಲ. ಆ ಸದ್ದಿಗೆ ಬೇಜಾರಾಗಿ ಯಾರಾದರೂ ಆಫ್ ಮಾಡಿದ್ದರೆ ಇವತ್ತೇ ಆನ್ ಮಾಡಿ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ‘ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್’ ಅಂತ ಹುಡುಕಿ.

1ನೇ ಕ್ರಾಸ್, ಮನೆ 9:
ಒಳ್ಳೆಯದೇ, ಆದರೆ ಅದು ಸರ್ಕಾರ ಕಳಿಸಿದಾಗ ಮಾತ್ರ ಬರುತ್ತದೆ. ನಮ್ಮ ಮೋರಿ ತುಂಬಿದ್ದು ಅದಕ್ಕೆ ಗೊತ್ತಾಗಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಬೆಂಗಳೂರು ಮೇಘ ಸಂದೇಶ’ ಆ್ಯಪ್ ನೋಡಿ. ನಗರದಲ್ಲಿ ಎಲ್ಲೆಲ್ಲಿ ಎಷ್ಟು ಮಳೆ ಅಂತ ತಿಳಿಯುತ್ತದೆ. ಮೇಲಿನ ಕಡೆ ಜಾಸ್ತಿ ಸುರಿದರೆ ಆ ನೀರು ನಮ್ಮ ಕಡೆಗೇ ಬರೋದು.

4ನೇ ಕ್ರಾಸ್, ಮನೆ 52:
ದಯವಿಟ್ಟು ನನ್ನ ಮಾತು ಕೇಳಿ. ನೆಲಮಹಡಿಯಲ್ಲಿರುವ ನಮ್ಮ ಅತ್ತೆಗೆ ಕಿವಿ ಮಂದ, ಕೈಯಲ್ಲಿರೋದು ಬಟನ್ ಫೋನ್. ಪಕ್ಕದ ಬಾಡಿಗೆ ಹುಡುಗರು ಈ ಗುಂಪಿನಲ್ಲೇ ಇಲ್ಲ. ಮೂಲೆ ಸೈಟ್‌ನ ಶೆಡ್‌ನಲ್ಲಿ ಕಟ್ಟಡ ಕೆಲಸದವರು ಮಕ್ಕಳ ಜೊತೆ ಮಲಗುತ್ತಾರೆ. ನೀರು ಮೊದಲು ಹೋಗೋದೇ ಅಲ್ಲಿಗೆ. ಇವರ್‍ಯಾರಿಗೂ ಆ್ಯಪ್ ಮುಟ್ಟಲ್ಲ. ಬಾಗಿಲು ತಟ್ಟೋಕೆ ಜನ ಬೇಕು.

2ನೇ ಕ್ರಾಸ್, ಮನೆ 31:
ಮೇಡಂ ಹೇಳಿದ್ದು ಸರಿ. ಪ್ರತಿ ಕ್ರಾಸ್‌ಗೆ ಇಬ್ಬರು ಇರಲಿ. ನಮ್ಮ ಕ್ರಾಸ್‌ಗೆ ನಾನು ರೆಡಿ.

3ನೇ ಕ್ರಾಸ್, ಮನೆ 40:
ಗೇಟ್ ಹತ್ತಿರ ಸೈರನ್ ಹಾಕಿಸೋಣ. ಆದರೆ ಸುಮ್ನೆ ಸುಮ್ನೆ ಒತ್ತಬಾರದು. ನಾಲ್ಕು ಸಲ ಸುಳ್ಳಾದರೆ ಐದನೇ ಸಲ ಯಾರೂ ಏಳಲ್ಲ. ಮೋರಿ ಗೋಡೆಗೆ ಹಳದಿ, ಕೆಂಪು ಗೆರೆ ಬಳಿಯೋಣ. ಹಳದಿ ಮುಟ್ಟಿದರೆ ಸೆಕ್ಯುರಿಟಿಯವರು ಕ್ರಾಸ್‌ನವರಿಗೆ ಫೋನ್ ಮಾಡಲಿ. ಕೆಂಪು ಮುಟ್ಟಿದರೆ ಯಾರನ್ನೂ ಕೇಳದೆ ಸೈರನ್ ಒತ್ತಲಿ. ಆ ಅಧಿಕಾರ ಅವರಿಗೇ ಇರಲಿ.

ಸಂಘದ ಕಾರ್ಯದರ್ಶಿ:
ಒಪ್ಪಿದೆ. ಎಚ್ಚರಿಕೆಗೆ ಮಾತ್ರ ಬೇರೆ ಗುಂಪು ಮಾಡುತ್ತೇನೆ. ಗುಡ್ ಮಾರ್ನಿಂಗ್, ಫಾರ್ವರ್ಡ್ ಯಾವುದೂ ಅಲ್ಲಿ ಬೇಡ. ಅದನ್ನು ಮ್ಯೂಟ್ ಮಾಡಬೇಡಿ. ಸೆಕ್ಯುರಿಟಿ ಕೋಣೆಯಲ್ಲಿ ತುರ್ತು ಸಹಾಯದ 112, ಬೆಸ್ಕಾಂ (ವಿದ್ಯುತ್ ಕಂಪನಿ) 1912, ಪಾಲಿಕೆ 1533 ದೊಡ್ಡದಾಗಿ ಬರೆಸುತ್ತೇನೆ. ಬೇಸ್‌ಮೆಂಟ್‌ಗೆ ನೀರು ಬಂದರೆ ಯಾರೂ ಇಳಿಯಬೇಡಿ, ನೀರಿನಲ್ಲಿ ಕರೆಂಟ್ ಹರಿಯುತ್ತಿರಬಹುದು.

4ನೇ ಕ್ರಾಸ್, ಮನೆ 52:
ಶೆಡ್‌ನವರ ಹತ್ತಿರ ನಾನೇ ಹೋಗಿ ಮಾತಾಡುತ್ತೇನೆ. ಹಿಂದಿ ಬರುವವರು ಒಬ್ಬರು ಜೊತೆಗೆ ಬನ್ನಿ.

1ನೇ ಕ್ರಾಸ್, ಮನೆ 9:
ನಾನು ಬರುತ್ತೇನೆ ಮೇಡಂ. ಭಾನುವಾರ ಬೆಳಗ್ಗೆ ಎಂಟಕ್ಕೆ ಗೆರೆ ಬಳಿಯೋದು, ಬಣ್ಣ ನಮ್ಮ ಮನೆಯಲ್ಲಿದೆ. 3ನೇ ಕ್ರಾಸ್‌ಗೆ ಇನ್ನೊಬ್ಬರು ಬೇಕು, ಯಾರು?