ಫ್ಯಾಮಿಲಿ ಟ್ರಿಪ್‌ಗೆ ಮುಂಚೆನೇ ಸ್ಕೂಬಾ ಕಲ್ತ್ಕೊಂಡು ಹೋಗೋದಾ, ಇಲ್ಲಾ ಅಲ್ಲೇ ಹೋಗಿ ಕಲಿಯೋದಾ?

ನೀಲಿಮೀನು:
ಎಲ್ರಿಗೂ ನಮಸ್ಕಾರ. ಇನ್ ಮೂರು ತಿಂಗಳಿಗೆ ವಿದೇಶಕ್ಕೆ ಹೋಗ್ತಿದೀವಿ, ನಾನು, ಹೆಂಡ್ತಿ, 12 ವರ್ಷದ ಮಗ, 9 ವರ್ಷದ ಮಗಳು. ಎಂಟೇ ದಿನ, ಸಮುದ್ರದ ಪಕ್ಕದಲ್ಲೇ ಇರೋದು. ಮಗ ಸ್ಕೂಬಾ ಮಾಡ್ಲೇಬೇಕು ಅಂತ ಹಠ ಹಿಡ್ದಿದಾನೆ, ನನಗೂ ತುಂಬಾ ವರ್ಷದ ಆಸೆ. ಅಲ್ಲೇ ಕೋರ್ಸ್ ಸೇರಿದ್ರೆ ಮೂರ್ನಾಲ್ಕು ದಿನ ಅದಕ್ಕೇ ಹೋಗುತ್ತೆ ಅಂತಾರೆ, ಹೆಂಡ್ತಿ ಮಗಳು ಇಬ್ರನ್ನೇ ಬಿಟ್ಟು ನಾವು ಕ್ಲಾಸಲ್ಲಿ ಕೂರೋದು ಸರಿ ಅನ್ಸಲ್ಲ. ಇನ್ನೊಂದು, ನನಗೆ ಈಜು ಬರುತ್ತೆ ಆದ್ರೆ ಮೂಗಿಗೆ ನೀರು ನುಗ್ಗಿದ್ರೆ ಗಾಬರಿ ಆಗ್ಬಿಡುತ್ತೆ. ಕನ್ನಡಕ ಬೇರೆ, ಮೈನಸ್ 4. ಏನ್ ಮಾಡ್ಲಿ?

ಅಲೆಗಾರ:
ಅರ್ಧ ಇಲ್ಲೇ ಮುಗಿಸ್ಕೊಂಡು ಹೋಗಿ ಸರ್. ಓಪನ್ ವಾಟರ್ ಅಂದ್ರೆ ಸ್ಕೂಬಾದ ಮೊದಲ ಕೋರ್ಸು, ಅದ್ರಲ್ಲಿ ಥಿಯರಿ, ಪೂಲ್, ಆಮೇಲೆ ಸಮುದ್ರದಲ್ಲಿ 4 ಡೈವ್, ಇಷ್ಟೇ ಇರೋದು. ಮೊದಲ ಎರಡನ್ನ ಇಲ್ಲಿ ಮಾಡಿ ರೆಫರಲ್ ಪೇಪರ್, ಅಂದ್ರೆ ಇಷ್ಟು ಮುಗ್ಸಿದಾರೆ ಅನ್ನೋ ಪತ್ರ ತಗೊಂಡ್ರೆ ಅಲ್ಲಿ ಎರಡು ಬೆಳಗ್ಗೆ ಕೊಟ್ರೆ ಸಾಕು, ಮಧ್ಯಾಹ್ನದಿಂದ ಮನೆಯವರ ಜೊತೆ ಇರ್ಬೋದು. ಪ್ಯಾಡಿ (ಸ್ಕೂಬಾ ಸರ್ಟಿಫಿಕೇಟ್ ಕೊಡೋ ಒಂದು ಏಜೆನ್ಸಿ) ರೆಫರಲ್ 12 ತಿಂಗಳು ನಡೆಯುತ್ತೆ. ಆದ್ರೆ ಅಲ್ಲಿನ ಡೈವ್ ಸೆಂಟರ್‌ಗೆ ಈಗ್ಲೇ ಮೇಲ್ ಹಾಕಿ ಒಪ್ತಾರಾ ಅಂತ ಕೇಳಿ, ಎರಡೂ ಕಡೆ ಒಂದೇ ಏಜೆನ್ಸಿ ಆದ್ರೆ ತಲೆನೋವು ಕಮ್ಮಿ.

ಈಜು ಪರೀಕ್ಷೆಗೆ ಹೆದ್ರಬೇಡಿ, 200 ಮೀಟರ್ ಈಜೋದು, ಅದಕ್ಕೆ ಟೈಮ್ ಲಿಮಿಟ್ ಇಲ್ಲ, ಆಮೇಲೆ 10 ನಿಮಿಷ ತೇಲೋದು. ಮಗನಿಗೆ ಜೂನಿಯರ್ ಕಾರ್ಡ್, ಅಂದ್ರೆ ಮಕ್ಕಳ ಡೈವಿಂಗ್ ಸರ್ಟಿಫಿಕೇಟ್ ಸಿಗುತ್ತೆ, ಅವನು ಸರ್ಟಿಫೈಡ್ ದೊಡ್ಡವರ ಜೊತೆನೇ ಇಳೀಬೇಕು, ಹಾಗಾಗಿ ನೀವೂ ಕಲ್ತಿದ್ರೆ ಇಬ್ರೂ ಜೊತೆಗೆ 18 ಮೀಟರ್ ತನಕ ಹೋಗ್ಬೋದು. ಕೋರ್ಸಿಗೆ 10 ವರ್ಷ ಆಗಿರ್ಬೇಕು, ಅದ್ರಿಂದ ಮಗಳಿಗೆ ಈ ಸಲ ಸ್ನಾರ್ಕ್ಲಿಂಗ್, ಅಂದ್ರೆ ಬಾಯಲ್ಲಿ ಕೊಳವೆ (ಸ್ನಾರ್ಕೆಲ್) ಇಟ್ಕೊಂಡು ನೀರಿನ ಮೇಲೇ ತೇಲ್ತಾ ಕೆಳಗೆ ನೋಡೋದು. ಅದನ್ನೇ ಚೆನ್ನಾಗಿ ಹೇಳ್ಕೊಡಿ, ಪಾಪ ಬೇಜಾರಾಗ್ಬಾರ್ದು.

ಕಡಲಮ್ಮ:
ಮೂಗಿನ ವಿಷ್ಯಕ್ಕೆ ನಾನು ಹೇಳ್ತೀನಿ, ನನಗೂ ಅದೇ ಇತ್ತು. ಪೂಲಲ್ಲಿ ಮಾಸ್ಕ್ ಒಳಗೆ ನೀರು ಬಿಟ್ಕೊಂಡು ಹೊರಗೆ ಹಾಕೋ ಪಾಠ ಬಂದಾಗ ಬಾಯಲ್ಲಿ ರೆಗ್ಯುಲೇಟರ್ (ಸಿಲಿಂಡರ್‌ನಿಂದ ಗಾಳಿ ಕೊಡೋ ಸಾಧನ) ಇದ್ರೂ ಮೂಗಲ್ಲಿ ಎಳ್ಕೊಂಡ್ಬಿಟ್ಟೆ, ಕೆಮ್ಮಿ ಕೆಮ್ಮಿ ಮೇಲೆ ಬಂದೆ. ಮೇಷ್ಟ್ರು ಬೈಲಿಲ್ಲ. ಸೊಂಟದಷ್ಟು ನೀರಲ್ಲಿ ನಿಲ್ಸಿ, ಮಾಸ್ಕ್ ಇಲ್ದೆ ಸ್ನಾರ್ಕೆಲ್ ಕಚ್ಕೊಂಡು ಮುಖ ಮುಳುಗಿಸಿ ಬಾಯಲ್ಲೇ ಉಸಿರಾಡು ಅಂದ್ರು, ಮೊದ್ಲು ಹತ್ತು ಉಸಿರು, ಆಮೇಲೆ ಇಪ್ಪತ್ತು. ಮೂರನೇ ದಿನಕ್ಕೆ ಮೂಗು ಸುಮ್ನಾಯ್ತು. ಆಮೇಲೆ ಮಾಸ್ಕಿನ ಮೇಲಂಚನ್ನ ಹಣೆಗೆ ಒತ್ತಿ, ಸ್ವಲ್ಪ ಮೇಲೆ ನೋಡ್ತಾ ಮೂಗಿಂದ ನಿಧಾನಕ್ಕೆ ಉಸಿರು ಬಿಟ್ರೆ ನೀರು ಕೆಳಗಿಂದ ತಾನಾಗೇ ಹೋಗುತ್ತೆ. ಟ್ರಿಪ್ಪಿನ ಅವಸರದಲ್ಲಿ, ದೋಣಿ ಹೊರಡೋ ಹೊತ್ತಲ್ಲಿ ಇದನ್ನ ಕಲಿಯೋಕಾಗಲ್ಲ, ಅದಕ್ಕೇ ಇಲ್ಲೇ ಪೂಲ್ ಮುಗಿಸಿ ಅಂತ ನಾನೂ ಹೇಳೋದು.

ಕಿವಿನೂ ಮರೀಬೇಡಿ. ನೋವು ಶುರು ಆದ್ಮೇಲೆ ಅಲ್ಲ, ಇಳಿಯೋಕೆ ಶುರು ಮಾಡಿದ ತಕ್ಷಣದಿಂದ್ಲೇ ಮೂಗು ಹಿಡ್ಕೊಂಡು ಮೂಗಿಂದ್ಲೇ ಮೆತ್ತಗೆ ಊದ್ತಾ ಇರ್ಬೇಕು, ಆಗ ಕಿವಿ ಒಳಗಿನ ಒತ್ತಡ ಹೊರಗಿಂದಕ್ಕೆ ಸರಿಹೋಗುತ್ತೆ. 10 ಮೀಟರ್ ಆಳಕ್ಕೆ ಒತ್ತಡ ಮೇಲಿದ್ದಿದ್ದರ ಎರಡರಷ್ಟಾಗುತ್ತೆ. ಶೀತ ಇದ್ರೆ ಆವತ್ತು ಇಳೀಲೇಬೇಡಿ.

ಆಳಸಮುದ್ರ:
ಎರಡು ಮಾತು ಸೇರಿಸ್ತೀನಿ. ಕೊನೇ ಡೈವ್ ಆದ್ಮೇಲೆ ವಿಮಾನ ಹತ್ತೋಕೆ ಕಮ್ಮಿ ಅಂದ್ರೂ 18 ಗಂಟೆ ಬಿಡ್ಬೇಕು, ನಾನು ಪೂರ್ತಿ ಒಂದು ದಿನ ಬಿಡ್ತೀನಿ. ಆಳದಲ್ಲಿ ಮೈಯಲ್ಲಿ ಕರಗಿದ ನೈಟ್ರೋಜನ್ ಇನ್ನೂ ಇರುತ್ತೆ, ಮೇಲೆ ಒತ್ತಡ ಕಮ್ಮಿ ಆದಾಗ ಗುಳ್ಳೆ ಕಟ್ಟುತ್ತೆ. ಹಾಗಾಗಿ ಡೈವ್ ಎಲ್ಲಾ ಟ್ರಿಪ್ಪಿನ ಮೊದಲರ್ಧದಲ್ಲೇ ಇಟ್ಕೊಳ್ಳಿ.

ಇನ್ನೊಂದು ಮೆಡಿಕಲ್ ಫಾರ್ಮ್. ನನ್ ತಮ್ಮ ಅಲ್ಲಿಗೆ ಹೋಗಿ ಬೆಳಗ್ಗೆ ಆರಕ್ಕೆ ಫಾರ್ಮ್ ತುಂಬ್ತಾ ಆಸ್ತಮಾಗೆ ಹೌದು ಅಂತ ಬರ್ದ, ಡಾಕ್ಟರ್ ಸಹಿ ಇಲ್ದೆ ಆಗಲ್ಲ ಅಂದ್ರು, ನಾವು ಹೋದ್ವಿ ಅವನು ದಡದಲ್ಲೇ ಉಳ್ದ. ಅವರು ಮಾಡಿದ್ದು ಸರಿನೇ, ಆದ್ರೆ ಅವನ ಮುಖ ಇನ್ನೂ ಕಣ್ಮುಂದೆ ಇದೆ. ಅಪ್ಪ ಮಗ ಇಬ್ರದ್ದೂ ಈ ವಾರನೇ ಓದಿ, ಒಂದಕ್ಕಾದ್ರೂ ಹೌದು ಬಂದ್ರೆ ಡಾಕ್ಟರ್ ಹತ್ರ ಹೋಗಿ. ಸುಳ್ಳು ಮಾತ್ರ ಬರೀಬೇಡಿ.

ನೀಲಿಮೀನು:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಮಗನ ಜೊತೆ ಪೂಲ್ ಕ್ಲಾಸ್ ಸೇರೋದು ಗ್ಯಾರಂಟಿ ಆಯ್ತು, ರಿಟರ್ನ್ ಹಿಂದಿನ ದಿನ ಖಾಲಿ ಬಿಡ್ತೀನಿ. ಕನ್ನಡಕದ್ದೊಂದು ಯಾರಾದ್ರೂ ಹೇಳಿ.

ಕಡಲಮ್ಮ:
ಪವರ್ ಇರೋ ಗಾಜು ಹಾಕಿದ ಮಾಸ್ಕ್ ಸಿಗುತ್ತೆ, ಅದನ್ನೇ ತಗೊಳ್ಳಿ. ಮೊದಲನೇ ಪೂಲ್ ಕ್ಲಾಸಿಂದ್ಲೇ ಅದನ್ನ ಹಾಕ್ಕೊಳ್ಳಿ, ಮುಖಕ್ಕೆ ಒಗ್ಗುತ್ತೆ. ಮಗನಿಗೆ ಇವತ್ತೇ ಹೇಳಿಡಿ, ನೀರೊಳಗೆ ಹೆಬ್ಬೆಟ್ಟು ಎತ್ತಿದ್ರೆ ಸೂಪರ್ ಅಂತ ಅಲ್ಲ, ಮೇಲೆ ಹೋಗೋಣ ಅಂತ. ಚೆನ್ನಾಗಿದೀನಿ ಅನ್ನೋಕೆ ಹೆಬ್ಬೆಟ್ಟು ತೋರುಬೆರಳು ಸೇರಿಸಿ ಉಂಗುರ ಮಾಡ್ಬೇಕು.